ಬೆಂಕಿ ಹಾಕುವ ಮುಂಚೆ

ಅವತ್ತು ಅಣ್ಣನ ಕಾರು ಸರಿಯಾಗಿ ಸ್ಟಾರ್ಟ್ ಆಗಿದ್ದರೆ ನಮ್ಮ ಮನೆಗೆ ಬೆಕ್ಕು ಬರುತ್ತಿರಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಇಲಿ ವೈರ್‌ಗಳನ್ನೆಲ್ಲ ಕಡಿದು ಹಾಕಿತ್ತು. ಸಾಲದ್ದಕ್ಕೆ ಅಡಿಕೆ ಸಿಪ್ಪೆ, ಗೋಣಿ ನಾರು ಕೂಡಿಸಿಕೊಂಡು ಒಂದು ಗೂಡು ಬೇರೆ. ತೀರ್ಥಹಳ್ಳಿಯಿಂದ ಮೆಕ್ಯಾನಿಕ್ ಬಂದು ರಿಪೇರಿ ಮಾಡಿ ಬಿಲ್ ಕೊಟ್ಟ. ಅಣ್ಣ ಅದನ್ನ ಎರಡು ಸಲ ಓದಿದ.

ಅಟ್ಟದ ಮೇಲಂತೂ ರಾತ್ರಿಯಿಡೀ ಇಲಿಗಳದ್ದೇ ದರ್ಬಾರು. ಇಲಿ ಇದ್ದರೆ ಅದರ ಹಿಂದೆಯೇ ಹಾವು ಬರುತ್ತೆ ಅನ್ನೋದು ಅಮ್ಮನ ಹೆದರಿಕೆ. ಪಾಷಾಣ ಇಡೋಣ ಅಂದರೆ ಕೊಟ್ಟಿಗೆಯಲ್ಲಿ ದನ, ಅಂಗಳದಲ್ಲಿ ಕೋಳಿ. ಎರಡು ದಿನ ಮನೆಯಲ್ಲಿ ಇದೇ ಚರ್ಚೆ. ಕೊನೆಗೆ ಅಜ್ಜಿಗೆ ಬೇಜಾರಾಯಿತು. "ಒಂದು ಬೆಕ್ಕು ತನ್ರೋ ಮಾರಾಯ. ಇಷ್ಟಕ್ಕೆಲ್ಲ ಎಂತ ಸಭೆ" ಅಂದಳು.

ಹಾಗೆ ಜೂನ್ ಮೊದಲ ವಾರ, ಸುರಿಯೋ ಮಳೆಯಲ್ಲಿ, ಅಣ್ಣ ಪಕ್ಕದ ಊರಿನ ನೆಂಟರ ಮನೆಯಿಂದ ಒಂದು ಮರಿ ತಂದ. ಬಟ್ಟೆ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ತಂದಿದ್ದ. ಬೆಕ್ಕಿನ ಮರಿಗೆ ದಾರಿ ಕಾಣಬಾರದು, ಕಂಡರೆ ವಾಪಸ್ ಹೋಗಿಬಿಡುತ್ತೆ ಅಂತ ಅಜ್ಜಿಯ ಆಜ್ಞೆ. ತಂದ ಮೇಲೆ ಒಲೆಗೆ ಮೂರು ಸುತ್ತು ಹಾಕಿಸಬೇಕಂತೆ. ಆದರೆ ನಮ್ಮ ಗ್ಯಾಸ್ ಕಟ್ಟೆ ಗೋಡೆಗೆ ಅಂಟಿಕೊಂಡಿದೆ, ಸುತ್ತೋದು ಎಲ್ಲಿಂದ? ಬಚ್ಚಲ ಒಲೆಯೂ ಹಾಗೆಯೇ. ಅಜ್ಜಿ ಬಚ್ಚಲ ಒಲೆಯ ಬಾಯಿ ಮುಂದೆ ನಿಂತು ಮರಿಯನ್ನ ಗಾಳಿಯಲ್ಲೇ ಮೂರು ಸುತ್ತು ತಿರುಗಿಸಿ, "ಇದೇ ಇನ್ನು ನಿನ್ನ ಮನೆ, ಎಲ್ಲೂ ಹೋಗಬೇಡ" ಅಂದಳು. ಮರಿ ಆ ಮಾತನ್ನ ಹೇಳಿದ ಹಾಗೇ ಅರ್ಥ ಮಾಡಿಕೊಂಡಿದೆ ಅಂತ ನಮಗೆ ಗೊತ್ತಾಗಿದ್ದು ಹತ್ತು ದಿನ ಆದಮೇಲೆ.

ಬಿಳಿ ಮೈ, ಅದರ ಮೇಲೆ ಕಪ್ಪು ಮತ್ತು ಕೇಸರಿ ತೇಪೆ. ಒಂದು ಕಿವಿ ಕಪ್ಪು, ಇನ್ನೊಂದು ಕೇಸರಿ. ಗಂಡೋ ಹೆಣ್ಣೋ ಅಂತ ಅಣ್ಣ ಬಾಲ ಎತ್ತಿ ನೋಡೋಕೆ ಹೋದರೆ ಅಜ್ಜಿ ದೂರದಿಂದಲೇ, "ಹೆಣ್ಣು ಕಣೋ. ಮೂರು ಬಣ್ಣದ್ದು ಹೆಣ್ಣೇ ಇರೋದು" ಅಂದಳು. ನಾನು ಮೊಬೈಲ್‌ನಲ್ಲಿ ಹುಡುಕಿದೆ. ಬೆಕ್ಕಿಗೆ ಕೇಸರಿ ಬಣ್ಣ ಕೊಡುವ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತಂತೆ. ಒಂದೇ ಮೈಯಲ್ಲಿ ಕಪ್ಪೂ ಕೇಸರಿಯೂ ಬರಬೇಕು ಅಂದರೆ ಎರಡು ಎಕ್ಸ್ ಬೇಕು, ಗಂಡಿಗೆ ಸಾಮಾನ್ಯವಾಗಿ ಇರೋದು ಒಂದೇ. ಹಾಗಾಗಿ ಮೂರು ಬಣ್ಣದ ಗಂಡು ಸಿಗೋದು ತೀರಾ ಅಪರೂಪ. ಇದನ್ನ ಅಜ್ಜಿಗೆ ವಿವರಿಸಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, "ಅದನ್ನೇ ನಾನು ಹೇಳಿದ್ದು" ಅಂದಳು.

ಮೊದಲ ವಾರ ಎಲ್ಲರೂ ಸೇರಿ ಅದರ ಹೊಟ್ಟೆ ಕೆಡಿಸಿದೆವು. ಕೊಟ್ಟಿಗೆಯಲ್ಲಿ ಹಾಲಿದೆ, ಮನೆಯಲ್ಲಿ ಬೆಕ್ಕಿದೆ, ಕೊಡದೆ ಇರೋದು ಹೇಗೆ? ಅಮ್ಮ ಬೆಳಿಗ್ಗೆ, ಅತ್ತಿಗೆ ಮಧ್ಯಾಹ್ನ, ಅಣ್ಣನ ಮಗಳು ಯಾರಿಗೂ ಹೇಳದೆ ಮೂರು ಸಲ. ಮರಿಗೆ ಭೇದಿ ಶುರುವಾಯಿತು. ತೀರ್ಥಹಳ್ಳಿಯ ಪಶು ಡಾಕ್ಟರು ದನದ ಹಾಲು ಬಿಲ್ಕುಲ್ ಬೇಡ ಅಂದರು. ತಾಯಿ ಹಾಲು ಬಿಟ್ಟ ಮರಿಗಳಿಗೆ ಹಾಲಿನ ಲ್ಯಾಕ್ಟೋಸ್ ಸರಿಯಾಗಿ ಜೀರ್ಣ ಆಗಲ್ಲ, ನೀರು ಇಡಿ, ಮೀನು ಬೇಯಿಸಿ ಅನ್ನದ ಜೊತೆ ಕಿವುಚಿ ಕೊಡಿ ಅಂತ. ಜಂತುಹುಳಕ್ಕೆ ಔಷಧಿ ಕೊಟ್ಟರು. ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆಗೆ ಕರ್ಕೊಂಡು ಬನ್ನಿ ಅಂದರು.

ಮೀನು ಕೊಡಿ ಅನ್ನೋದೇನೋ ಸುಲಭ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ ಕಡೆಯಿಂದ ಆಗುಂಬೆ ಘಾಟಿ ಹತ್ತಿ ನಮ್ಮಲ್ಲಿಗೆ ಬರೋ ಬಂಗಡೆ, ಬೂತಾಯಿ ಆ ಎರಡು ತಿಂಗಳು ಅಪರೂಪವೇ. ಮನುಷ್ಯರಾದ ನಾವು ಒಣಮೀನಿನ ಚಟ್ನಿ ಮಾಡಿಕೊಂಡು ಕಾಲ ಹಾಕುತ್ತೇವೆ. ಮರಿಗೆ ಅಷ್ಟು ಉಪ್ಪು ಆಗಲ್ಲ. ಅಪ್ಪ ಗದ್ದೆ ಕಾಲುವೆಯಿಂದ ಬೆರಳುದ್ದದ ಮೀನು ಹಿಡಿದು ತರೋಕೆ ಶುರು ಮಾಡಿದರು. ಎಪ್ಪತ್ತು ವರ್ಷದ ಮನುಷ್ಯ, ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಕೇಳಿದರೆ, "ಸುಮ್ನೆ ಗದ್ದೆ ನೋಡಕ್ಕೆ ಹೋಗಿದ್ದೆ" ಅನ್ನುತ್ತಿದ್ದರು.

ಹತ್ತನೇ ದಿನದ ಬೆಳಿಗ್ಗೆ. ರಾತ್ರಿಯಿಂದ ಕರೆಂಟಿಲ್ಲ, ಮಳೆ ನಿಂತಿಲ್ಲ. ಮರಿ ಯಾವಾಗಲೂ ಅಜ್ಜಿಯ ಕಾಲಬುಡದಲ್ಲಿ ಮಲಗುತ್ತಿತ್ತು. ಅವತ್ತು ಗಾಳಿಗೆ ಬಾಗಿಲು ಬಡಿಯುತ್ತೆ ಅಂತ ಅಜ್ಜಿ ಕೋಣೆ ಚಿಲಕ ಹಾಕಿಕೊಂಡಿದ್ದಳು. ಐದೂವರೆಗೆ ಅಪ್ಪ ಎಂದಿನಂತೆ ಬಚ್ಚಲಿಗೆ ಹೋಗಿ ಹಂಡೆ ಒಲೆಗೆ ಅಡಿಕೆ ಹಾಳೆ ತುರುಕಿ, ಎರಡು ತೆಂಗಿನ ಸಿಪ್ಪೆ ಇಟ್ಟು ಕಡ್ಡಿ ಗೀರಿದರು.

ನನಗೆ ಕೇಳಿಸಿದ್ದು ಮರಿಯ ಕೂಗಲ್ಲ, ಅಪ್ಪನ ಕೂಗು. ಓಡಿ ಹೋಗಿ ನೋಡಿದರೆ ಅವರು ಮಂಡಿಯೂರಿ ಕೂತು ಉರಿಯುತ್ತಿದ್ದ ಹಾಳೆಯನ್ನ ಬರಿಗೈಯಲ್ಲೇ ಹೊರಗೆ ಎಳೆಯುತ್ತಿದ್ದರು. "ಒಳಗಿದೆ, ಮರಿ ಒಳಗಿದೆ" ಅಂತ ಅಷ್ಟೇ. ನಾನು ಚೊಂಬಿನಲ್ಲಿ ನೀರು ತುಂಬಿದೆ. ಅಪ್ಪ ಕೈ ಅಡ್ಡ ಹಿಡಿದರು. ಬಿಸಿ ಬೂದಿಗೆ ನೀರು ಬಿದ್ದರೆ ಹಬೆಗೇ ಬೆಂದು ಹೋಗುತ್ತೆ ಅಂತ. ನನಗೆ ಅದು ಹೊಳೆದೇ ಇರಲಿಲ್ಲ. ಸಿಪ್ಪೆ, ಹಾಳೆ, ಕೆಂಡ ಎಲ್ಲ ಎಳೆದು ನೆಲಕ್ಕೆ ಹಾಕಿ ತುಳಿದದ್ದಾಯಿತು. ಬಚ್ಚಲು ತುಂಬ ಹೊಗೆ. ಟಾರ್ಚ್ ಹಾಕಿ ಬಗ್ಗಿ ನೋಡಿದರೆ ಹಂಡೆಯ ತಳದ ಹಿಂದೆ, ಹೊಗೆ ಹೋಗುವ ಕಂಡಿಯ ಹತ್ತಿರ, ಎರಡು ಹಸಿರು ಕಣ್ಣು. ಬೆಂಕಿ ಕಂಡು ಹೊರಗೆ ಓಡುವ ಬದಲು ಅದು ಇನ್ನೂ ಒಳಗೆ ಓಡಿತ್ತು.

ಆಮೇಲೆ ಶುರುವಾಯಿತು ನೋಡಿ ಓಲೈಕೆ. ಮನೆಮಂದಿಯೆಲ್ಲ ಒಲೆ ಮುಂದೆ. ಅಮ್ಮ ಒಣಮೀನು ಆಡಿಸಿದಳು. ಅತ್ತಿಗೆ "ಪುಸ್ ಪುಸ್" ಅಂದರು. ಅಣ್ಣನ ಮಗಳು ಅಳುತ್ತಾ, ತಾನು ಇಟ್ಟ ಐದಾರು ಹೆಸರುಗಳನ್ನೂ ಒಂದೊಂದಾಗಿ ಕರೆದಳು. ಅಣ್ಣ ಕೋಲು ತಂದ, ಅಪ್ಪ ಕಿತ್ತು ಬಿಸಾಕಿದರು. ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಬಂದಳು. "ಎಲ್ಲ ಹೊರಗೆ ನಡೀರಿ. ಅದು ಈಗ ಹೆದರಿರೋದು ನಿಮ್ಮನ್ನ ಕಂಡೇ" ಅಂದಳು. ಅಮ್ಮ, ಹೇಗೂ ತಿಂಡಿ ಆಗಬೇಕಲ್ಲ ಅಂತ ಅಡುಗೆಮನೆಗೆ ಹೋದಳು. ಉಳಿದವರೆಲ್ಲ ಬಚ್ಚಲ ಬಾಗಿಲಲ್ಲಿ ಕೂತೆವು. ಒಬ್ಬರಿಗೂ ಮಾತು ಬರುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ತುರಿಮಣೆ ಮೇಲೆ ಕೂತು ಚಟ್ನಿಗೆ ಕಾಯಿ ತುರಿಯೋಕೆ ಶುರು ಮಾಡಿದಳು. ಸರ್ ಸರ್ ಅಂತ ಸದ್ದು. ಒಲೆಯ ಬಾಯಿಂದ ಒಂದು ಬೂದು ಉಂಡೆ ಇಳಿಯಿತು. ನಮ್ಮ ಯಾರ ಮುಖವನ್ನೂ ನೋಡದೆ, ಅಪ್ಪನ ಕಾಲು ದಾಟಿಕೊಂಡು, ಬಾಲ ನೆಟ್ಟಗೆ ಎತ್ತಿ ಸೀದಾ ಅಡುಗೆಮನೆಗೆ ನಡೆಯಿತು. ಕೆಂಪು ನೆಲದ ಮೇಲೆ ಉದ್ದಕ್ಕೂ ಬಿಳಿ ಹೆಜ್ಜೆ. ನಾವು ಹಿಂದೆ ಹೋಗಿ ನೋಡುವಾಗ ಅಮ್ಮನ ತಟ್ಟೆ ಪಕ್ಕ ಬಿದ್ದಿದ್ದ ಕಾಯಿತುರಿ ನೆಕ್ಕುತ್ತಿತ್ತು.

ಎಡಗಡೆಯ ಮೀಸೆ ಅಷ್ಟೂ ಸುಟ್ಟು ಸುರುಳಿಯಾಗಿತ್ತು. ಮೈಯೆಲ್ಲ ಕರಕಲು ಕೂದಲಿನ ವಾಸನೆ. ಅಂಗಾಲು ಒಂದೊಂದೇ ಒತ್ತಿ ನೋಡಿದೆವು, ಏನೂ ಆಗಿರಲಿಲ್ಲ. ಮೀಸೆ ಮತ್ತೆ ಬರುತ್ತೆ ಅಂತ ಡಾಕ್ಟರು ಫೋನಿನಲ್ಲೇ ಹೇಳಿದರು. ಬರೋವರೆಗೆ ಪಾಪ ಅದರ ಲೆಕ್ಕ ತಪ್ಪುತ್ತಿತ್ತು. ಎಡಕ್ಕೆ ತಿರುಗುವಾಗೆಲ್ಲ ಬಾಗಿಲ ಚೌಕಟ್ಟಿಗೆ ಮೂತಿ ತಾಗಿಸಿಕೊಂಡು, ಚೌಕಟ್ಟಿನದ್ದೇ ತಪ್ಪು ಅನ್ನೋ ಹಾಗೆ ನಿಂತು ನೋಡುತ್ತಿತ್ತು. ಅಪ್ಪನ ಎರಡು ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಸಂಜೆ ಊಟಕ್ಕೆ ಕೂತಾಗ ಎಡಗೈ ಹಾಕೋಕೆ ಹೋಗಿ ಅಮ್ಮನ ಕೈಗೆ ಸಿಕ್ಕಿಬಿದ್ದರು. ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅವತ್ತು ಮನೆಯಲ್ಲಿ ಯಾರೂ ಬಿಸಿನೀರು ಸ್ನಾನ ಮಾಡಲಿಲ್ಲ.

ಅಣ್ಣ "ಬೂದಿ" ಅಂತ ಹೆಸರಿಡೋಣ ಅಂದ. ಅಪಶಕುನದ ಮಾತಾಡಬೇಡ ಅಂತ ಅಮ್ಮ ಬೈದಳು. ಹಾಗಾಗಿ ಇವತ್ತಿಗೂ ಅದಕ್ಕೆ ಒಂದು ಅಂತ ಹೆಸರಿಲ್ಲ. ಯಾವ ಹೆಸರಿಗೂ ಅದು ಬರೋದೂ ಇಲ್ಲ, ತುರಿಮಣೆ ಸದ್ದಿಗೆ ಮಾತ್ರ ಬರುತ್ತೆ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗಲ್ಲ. ಬಹುಶಃ ಕಾಯಿಯ ಜಿಡ್ಡೇ ಅದಕ್ಕೆ ರುಚಿ ಇರಬೇಕು.

ಇಲಿ ವಿಚಾರ ಕೇಳ್ತೀರಾ? ಈಗ ಸೆಪ್ಟೆಂಬರ್. ಮರಿ ಕಾಳುಮೆಣಸಿನ ತಕ್ಕಡಿಯಲ್ಲಿ ಎರಡು ಕೆಜಿ ದಾಟಿದೆ. ಇಲ್ಲಿಯವರೆಗೆ ಒಂದು ಸುಂಡಿಲಿ ಹಿಡಿದಿದೆ. ಅದನ್ನೂ ವಾಸನೆಗೆ ತಿನ್ನದೆ ಅತ್ತಿಗೆಯ ಚಪ್ಪಲಿ ಮೇಲೆ ಇಟ್ಟು ಹೋಯಿತು. ಅಟ್ಟದ ಸದ್ದು ಮಾತ್ರ ಕಡಿಮೆಯಾಗಿದೆ. ಇಲಿಗಳು ಅದರ ವಾಸನೆಗೇ ಜಾಗ ಖಾಲಿ ಮಾಡಿರಬೇಕು ಅನ್ನೋದು ಅಜ್ಜಿಯ ವಾದ. ಹಗಲು ಬೆಚ್ಚಗೆ ಕೂರೋ ಜಾಗವೂ ಬದಲಾಗಿದೆ. ಒಲೆ ಬಾಯಿಯಲ್ಲಿ ಈಗ ಅದರ ಹೊಟ್ಟೆ ಹಿಡಿಸಲ್ಲ. ಅಣ್ಣ ಊರಿಂದ ಬಂದು ಕಾರು ನಿಲ್ಲಿಸಿದ ಕೂಡಲೇ ಕೆಳಗಿನಿಂದ ನುಸುಳಿ ಬೆಚ್ಚಗಿನ ಇಂಜಿನ್ ಪಕ್ಕ ಹೋಗಿ ಕೂರುತ್ತೆ. ಯಾವ ವೈರ್ ಕಾಯೋಕೆ ತಂದಿದ್ದೆವೋ ಅದೇ ವೈರ್ ಮೇಲೆ. ಅಣ್ಣ ಈಗ ಎಷ್ಟೇ ಅರ್ಜೆಂಟ್ ಇದ್ದರೂ ಮೊದಲು ಬಾನೆಟ್ ಮೇಲೆ ನಾಲ್ಕು ಸಲ ಬಡಿದು, ಎತ್ತಿ ನೋಡಿ, ಆಮೇಲೆ ಕೀ ತಿರುಗಿಸುತ್ತಾನೆ.

ಅಪ್ಪ ಬೆಳಿಗ್ಗೆ ಐದೂವರೆಗೆ ಬಚ್ಚಲಿಗೆ ಹೋಗುತ್ತಾರೆ. ದಾರಿಯಲ್ಲೇ ಅಜ್ಜಿಯ ಕೋಣೆ. ಮರಿ ಅವಳ ಕಾಲಬುಡದಲ್ಲಿ ಗೊರಗೊರ ಅನ್ನುತ್ತಾ ಮಲಗಿರೋದು ಬಾಗಿಲಿಂದಲೇ ಕಾಣುತ್ತೆ. ನೋಡುತ್ತಾರೆ. ಆದರೂ ಹೋಗಿ ಊದುಗೊಳವೆಯಿಂದ ಒಲೆಯ ಬದಿಗೆ ಟಣ್ ಟಣ್ ಅಂತ ತಟ್ಟಿ, ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಆಮೇಲೆಯೇ ಕಡ್ಡಿ ಗೀರುತ್ತಾರೆ. ಬೆಂಕಿ ಹೊತ್ತೋಕೆ ಮೂರು ನಾಲ್ಕು ಕಡ್ಡಿ ಬೇಕಾಗುತ್ತೆ. ಮಳೆ ಇನ್ನೂ ಹೋಗಿಲ್ಲ, ಹಾಳೆಯೆಲ್ಲ ತೇವ.