ಜ್ವರ ಬಿಟ್ಟಿತಾ, ಹುಲಿ?

ನಮ್ಮ ವಿಜ್ಞಾನ ಮಾಸ್ಟ್ರು ಹಾಜರಿ ಕರೆದವರಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸುತ್ತಿದ್ದರು, ಅಷ್ಟೇ. ಯಾರು ಬಂದಿಲ್ಲ ಅಂತ ಗೊತ್ತಾಗುತ್ತಿತ್ತು. ಅವರದ್ದು ಸೋಡಾಬುಡ್ಡಿ ಕನ್ನಡಕ. ಬೋರ್ಡಿನ ಮೇಲೆ ತಾವೇ ಬರೆದದ್ದನ್ನು ಓದಲು ಹತ್ತಿರ ಹೋಗಬೇಕಿತ್ತು. ನಮ್ಮ ಮುಖಗಳು ಮಾತ್ರ ಮೈದಾನದ ಆಚೆ ತುದಿಯಲ್ಲಿದ್ದರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಪಾಠದಲ್ಲಿ ನನಗೆ ಉಳಿದಿರುವುದು ಲಿಟ್ಮಸ್ ಕಾಗದದ ಬಣ್ಣ ಬದಲಾಗುತ್ತದೆ ಎಂಬುದಷ್ಟೇ. ಯಾವುದರಲ್ಲಿ ಯಾವ ಬಣ್ಣ ಅಂತ ಕೇಳಬೇಡಿ.

ಹುಲಿಯ ಕತೆ ಹೇಳದಿದ್ದರೆ ನಮ್ಮ ಬ್ಯಾಚಿನವರು ನನ್ನನ್ನು ಬಿಡಲಿಕ್ಕಿಲ್ಲ. ಒಂಬತ್ತನೇ ಕ್ಲಾಸು, ಅಷ್ಟಮಿಯ ವಾರ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಜ್ವರ ಅಂತ ರಜೆ ಹಾಕಿದ. ಚೀಟಿ ಬರೆದುಕೊಟ್ಟವನು ನಾನೇ. ಅಪ್ಪಂದಿರ ಧಾಟಿಯಲ್ಲಿ ಬರೆಯುವುದು ನನಗೆ ಆಗಲೇ ಚೆನ್ನಾಗಿ ಬರುತ್ತಿತ್ತು. ಮುಂದೆ ಪತ್ರಿಕೆಗಳಲ್ಲಿ ನನ್ನ ಲೇಖನ ಬಂದದ್ದು ಸುಮ್ನೆ ಅಲ್ಲ ನೋಡಿ.

ಕೃಷ್ಣಾಷ್ಟಮಿಯ ಮರುದಿನದ ಉತ್ಸವ ವಿಟ್ಲಪಿಂಡಿ. ಆ ದಿನ ಉಡುಪಿಯ ರಥಬೀದಿಯಲ್ಲಿ ಗೆಳೆಯ ಹುಲಿಯಾಗಿ ಕುಣಿಯುತ್ತಿದ್ದ. ಮೈಯೆಲ್ಲ ಹಳದಿ, ಕಪ್ಪು ಪಟ್ಟೆ, ಮುಖಕ್ಕೂ ದಪ್ಪ ಬಣ್ಣ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾಸ್ಟ್ರು ಜನರ ನಡುವೆ ನಿಂತಿದ್ದರು. ಹುಲಿ ಇತ್ತ ತಿರುಗಿತು, ಅಷ್ಟರಲ್ಲೇ ಕೇಳಿದರು: "ಎಂತ ಮಾರಾಯ, ಜ್ವರ ಬಿಟ್ಟಿತಾ?" ಹುಲಿ ಬಾಲ ಎತ್ತಿಕೊಂಡು ಓಟ ಕಿತ್ತಿತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಅವನ ಕಿವಿಯ ಹಿಂದೆ ಹಳದಿ ಉಳಿದಿತ್ತು. ಮಾಸ್ಟ್ರು ಆ ಕಿವಿಯನ್ನು ಮಡಚಿ ಇಡೀ ಕ್ಲಾಸಿಗೆ ತೋರಿಸಿದರು. "ಇದು ಜ್ವರ ಅಲ್ಲ, ಕಾಮಾಲೆ." ಚೀಟಿಯಲ್ಲಿ ಒಂದೂ ಕಾಗುಣಿತ ತಪ್ಪಿಲ್ಲ ಅಂತ ನನ್ನನ್ನು ಹೊಗಳಿ, ಆಮೇಲೆ ಬೆತ್ತ ತೆಗೆದರು.

ಅಷ್ಟು ಬೇಗ ಗುರುತು ಹಿಡಿದದ್ದು ಹೇಗೆ ಅಂತ ಆಗ ಬೆರಗು. ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ಮೆದುಳಿನಲ್ಲಿ ಒಂದು ವಿದ್ಯುತ್ ಸಂಕೇತ ಏಳುತ್ತದೆ, 'ಇದು ಮುಖ' ಅಂತ. ಕಾಲು ಸೆಕೆಂಡಿನ ಹೊತ್ತಿಗೆ ಗುರುತಿನ ಮುಖವಾ, ಹೊಸದಾ ಎಂಬ ವ್ಯತ್ಯಾಸವೂ ಕಾಣುತ್ತದೆ. ಸೋಡಾಬುಡ್ಡಿಯ ಗುಟ್ಟೂ ಸಿಕ್ಕಿತು. 1999ರಲ್ಲಿ ಗ್ಲಾಸ್ಗೋದ ಸಂಶೋಧಕರು ಅಲ್ಲಿನ ಅಧ್ಯಾಪಕರು ನಡೆದುಬರುವ ಮಸುಕು ಮಸುಕಾದ ಸಿಸಿಟಿವಿ ದೃಶ್ಯ ತೋರಿಸಿದರು. ಅವರ ಬಳಿ ಕಲಿತವರು ಸಲೀಸಾಗಿ ಗುರುತಿಸಿದರು. ಪರಿಚಯವಿಲ್ಲದ ಪೊಲೀಸರು ಅನುಭವವಿದ್ದೂ ಎಡವಿದರು. ಮೈ ಮರೆಮಾಡಿದಾಗ ಹೆಚ್ಚು ಕಷ್ಟವಾಗಲಿಲ್ಲ, ಮುಖ ಮರೆಮಾಡಿದಾಗ ಆಯಿತು. ಅಂದರೆ ಕಣ್ಣು ಚುರುಕಾಗಿದ್ದರೆ ಸಾಲದು, ಆ ಮುಖವನ್ನು ದಿನಾ ನೋಡಿರಬೇಕು. ನಮ್ಮ ಮಾಸ್ಟ್ರು ನೋಡಿದ್ದರು. ನಗುವಾಗ, ಅಳುವಾಗ, ಸುಳ್ಳು ಹೇಳುವಾಗ.

ಈಗ ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕುವ ವ್ಯವಸ್ಥೆ ಬಂದಿದೆ. ಬರಲಿ. ಆದರೆ ಮಾಹಿತಿ ತುಂಬುವುದರಲ್ಲೇ ಮಾಸ್ಟ್ರುಗಳ ದಿನ ಮುಗಿದರೆ ಮಕ್ಕಳ ಮುಖ ನೋಡಲು ಪುರುಸೊತ್ತು ಎಲ್ಲಿ? ಫೋನಿಗೆ ಹುಲಿಯ ಗುರುತು ಸಿಕ್ಕೀತು, ಕಾಮಾಲೆ ಸಿಗುತ್ತದಾ?

ಮಾಸ್ಟ್ರ ಉತ್ತರಕ್ರಿಯೆಯ ದಿನ ನಾವೆಲ್ಲ ಸೇರಿದೆವು. ಬೋಳುತಲೆ, ಹೊಟ್ಟೆ, ಬಿಳಿಗಡ್ಡ. ಆದರೂ ಬಾಗಿಲಲ್ಲೇ ಗುರುತಾಯಿತು. ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 1975ರಲ್ಲೇ ಇದನ್ನು ತೋರಿಸಿದ್ದರು. ಶಾಲೆ ಬಿಟ್ಟು 35 ವರ್ಷ ಕಳೆದವರೂ ಸಹಪಾಠಿಗಳ ಫೋಟೋಗಳಲ್ಲಿ ಸುಮಾರು 90 ಶೇಕಡಾ ಗುರುತಿಸಿದ್ದರು. ಮುಖ ನೋಡಿ ಹೆಸರು ಹೇಳುವುದರಲ್ಲಿ ಮಾತ್ರ ಬಹಳ ಹಿಂದೆ ಬಿದ್ದಿದ್ದರು. ನನ್ನನ್ನಂತೂ ಎಲ್ಲರೂ ಗುರುತಿಸಿದರು. ಮೂವರು ಹುಲಿಯ ಹೆಸರಿನಿಂದ ಕರೆದರು.

ಇದಕ್ಕೆ ಕಾರಣವೂ ಇದೆ. ಆಫೀಸ್ ರೂಮಿನಲ್ಲಿ ತೂಗುಹಾಕಿದ ನಮ್ಮ ಬ್ಯಾಚಿನ ಫೋಟೋದ ಕೆಳಗೆ ಎರಡನೇ ಸಾಲಿನ ಹೆಸರುಗಳು ಅದಲು ಬದಲಾಗಿವೆ. ಹೆಡ್ ಮಾಸ್ಟ್ರು ದಯವಿಟ್ಟು ಸರಿಮಾಡಿಸಬೇಕು. ಖರ್ಚು ಹುಲಿ ಕೊಡುತ್ತಾನೆ, ಮಾತಾಡಿದ್ದೇನೆ.