ಗುದ್ದಲಿ ಹಿಡಿದ ಸವಾರರು

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಗೆಳೆಯರು ದಪ್ಪ ಟೈರಿನ ಹಳೆಯ ಸೈಕಲ್ಲುಗಳ ಮೇಲೆ ಗುಡ್ಡ ಇಳಿಯುವ ಪಂದ್ಯ ಆರಂಭಿಸಿದಾಗ, ಅವರಿಗೆ ಬೇಕಾದ ಮಣ್ಣುರಸ್ತೆ ಅಲ್ಲಿ ಮೊದಲೇ ಇತ್ತು. ಇಂದು ಮೌಂಟನ್ ಬೈಕಿಂಗ್ ಎನಿಸಿಕೊಂಡಿರುವ ಈ ಗುಡ್ಡಗಾಡಿನ ಸೈಕಲ್ ಸವಾರಿಗೆ ಬೇಕಾದ ಹಾದಿಯನ್ನು ಕಡಿದು ಕಾಪಾಡುವ ಕೆಲಸದಲ್ಲಿ ಅನೇಕ ಕಡೆ ಸವಾರರೇ ಕೈಜೋಡಿಸುತ್ತಾರೆ. ಈ ಬಳಗ ನನಗೆ ಪ್ರಿಯವಾಗಿರುವುದು ಮುಖ್ಯವಾಗಿ ಈ ಶ್ರಮದಾನದಿಂದ.

ಹಾದಿಯ ದೊಡ್ಡ ಶತ್ರು ನೀರು. ಮಳೆನೀರು ಹಾದಿಯುದ್ದಕ್ಕೂ ಹರಿದರೆ ಮಣ್ಣು ಕೊರೆದು ಕೊರಕಲಾಗುತ್ತದೆ. ಆದ್ದರಿಂದ ಹಾದಿಯ ಹೊರ ಅಂಚನ್ನು ತುಸು ತಗ್ಗಿಸಿ, ನೀರು ಅಡ್ಡಲಾಗಿ ದಾಟಿ ಇಳಿಜಾರಿಗೆ ಹೋಗುವಂತೆ ಮಾಡುತ್ತಾರೆ. ಹಾದಿಯ ಏರು, ಅದು ಸಾಗುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಒಟ್ಟು ಸರಾಸರಿ ಶೇ. 10ರೊಳಗೆ ಇರಬೇಕು ಎಂಬುದು 1988ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಪ್ರಚಾರಕ್ಕೆ ತಂದ ಸೂತ್ರ. ಗುದ್ದಲಿಯಿಂದ ಅಂಚು ಕೆತ್ತಿ, ಬೇರು ಕತ್ತರಿಸಿ, ಸಡಿಲ ಮಣ್ಣನ್ನು ತುಳಿದು ಗಟ್ಟಿ ಮಾಡುವವರಿಗೆ ಈ ಲೆಕ್ಕ ಕೈಯಲ್ಲೇ ಕೂತಿರುತ್ತದೆ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿಯಿಲ್ಲದೆ ಗುದ್ದಲಿ ಎತ್ತಬಾರದು ಎಂಬುದನ್ನು ನಮ್ಮೂರಿನ ಸವಾರರಿಗೆ ಒತ್ತಿ ಹೇಳಬಯಸುತ್ತೇನೆ.

ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ ಇಂಥ ಹಾದಿಯ ನಿಜವಾದ ಪರೀಕ್ಷೆ. ಅದು ಉದ್ದವಾಗಿರುವುದರಿಂದ ಕಡಿದಾದ ತಿರುವಿನಲ್ಲಿ ಸುಲಭವಾಗಿ ಹೊರಳದು. ಎರಡೂ ಜೋಡಿ ಪೆಡಲ್‌ಗಳು ಸಾಮಾನ್ಯವಾಗಿ ಚೈನಿನಿಂದ ಒಂದಕ್ಕೊಂದು ಸೇರಿರುವುದರಿಂದ ಒಬ್ಬರು ತುಳಿತ ನಿಲ್ಲಿಸಿದರೆ ಇನ್ನೊಬ್ಬರೂ ನಿಲ್ಲಿಸಬೇಕು. ಮುಂದೆ ಕುಳಿತವರು ಉಬ್ಬು, ತಿರುವು, ಗೇರ್ ಬದಲಾವಣೆ ಎಲ್ಲವನ್ನೂ ಕೂಗಿ ಹೇಳುತ್ತಿರುತ್ತಾರೆ. ಹಿಂದಿನ ಸೀಟಿನಲ್ಲಿ ಕುಳಿತು ದೃಷ್ಟಿಹೀನರೂ ಗುಡ್ಡ ಹತ್ತಿ ಇಳಿಯುವುದು ಇದರಿಂದ ಸಾಧ್ಯವಾಗಿದೆ. ಹೊಸ ಹಾದಿಗೆ ಗುರುತು ಹಾಕುವಾಗಲೇ ತಿರುವುಗಳನ್ನು ಟ್ಯಾಂಡೆಮ್ ಸವಾರರಿಗಾಗಿ ಅಗಲವಾಗಿ ಬಿಡಬೇಕು.