ಲಕ್ಷ್ಮಿಯ ಕಿವಿ ಹತ್ತಿರ ಗಡ್ಡ

ನಮ್ಮಪ್ಪ ತಿಪಟೂರಿನಲ್ಲಿ ಅಕ್ಕಸಾಲಿಗರಾಗಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇರುವಾಗ, ಹಿಂದಿನ ಬೀದಿಯ ಅಜ್ಜಿಯೊಬ್ಬರು ಹಳೇ ಬೆಳ್ಳಿ ನಾಲ್ಕಾಣೆ ತಂದರು. "ಇದರಲ್ಲೇ ಒಂದು ಲಕ್ಷ್ಮಿ ಕಾಸು ಮಾಡಿಕೊಡಿ ಆಚಾರ್ರೇ, ಕಳಶದ ಮುಂದೆ ಇಡಬೇಕು" ಅಂದರು. ಐದನೇ ಜಾರ್ಜ್ ದೊರೆಯ ನಾಣ್ಯ. ಕಿರೀಟ, ಗಡ್ಡ ಎಲ್ಲ ಚೆನ್ನಾಗಿಯೇ ಇತ್ತು.

ಹಬ್ಬದ ಸಮಯ, ಅಪ್ಪನಿಗೆ ಕೈತುಂಬ ಕೆಲಸ. ಮೂಸೆಯಲ್ಲಿ ಕರಗಿಸಿ, ಬಿಲ್ಲೆ ಮಾಡಿ, ತಟ್ಟಿ, ಆಮೇಲೆ ಅಚ್ಚು ಹಾಕುವಷ್ಟು ಪುರುಸೊತ್ತಿರಲಿಲ್ಲ. ನಾಣ್ಯವನ್ನೇ ಅಗ್ಗಿಷ್ಟಿಕೆಯಲ್ಲಿ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿದರು. ಮೇಲೆ ಲಕ್ಷ್ಮಿ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಎರಡೇಟು ಹಾಕಿದರು. ಉಜ್ಜಿ, ಹೊಳಪು ಕೊಟ್ಟು ಕಳಿಸಿದರು. ಮಾರನೇ ದಿನ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. "ಅಲ್ಲ ಆಚಾರ್ರೇ, ಲಕ್ಷ್ಮಿ ಕಿವಿ ಹತ್ತಿರ ಗಡ್ಡ ಯಾಕಿದೆ?"

ಇದು ನೆನಪಾದದ್ದು ಕಳೆದ ವಾರ. ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಸುಮ್ನೆ ಹಳೇ ಗ್ರೀಕ್ ನಾಣ್ಯಗಳ ಫೋಟೋ ನೋಡುತ್ತಿದ್ದೆ. ಇಟಲಿಯ ದಕ್ಷಿಣ ತೀರದಲ್ಲಿ ಮೆಟಪೊಂಟಮ್ ಅಂತ ಒಂದು ಗ್ರೀಕ್ ಊರಿತ್ತು. ಫಲವತ್ತಾದ ಬಯಲು, ಒಳ್ಳೆ ಬೆಳೆ. ಅದಕ್ಕೇ ಅವರ ಬೆಳ್ಳಿ ನಾಣ್ಯದ ಮೇಲೆ ರಾಜನೂ ಇಲ್ಲ, ದೇವರೂ ಇಲ್ಲ, ಒಂದು ಬಾರ್ಲಿ ತೆನೆ. ಹಿಂದೆ ಅದೇ ತೆನೆ, ಆದರೆ ತಗ್ಗಾಗಿ ಒತ್ತಿದ್ದು. ನಾನು ನೋಡಿದ ನಾಣ್ಯದಲ್ಲಿ ತೆನೆಯ ಪಕ್ಕ ಏನೋ ಗೀರು ಗೀರು. ಫೋಟೋ ಸವೆದಿದೆ ಅಂದುಕೊಂಡೆ. ಮೊಬೈಲು ತಲೆಕೆಳಗು ಮಾಡಿದಾಗ ಗೊತ್ತಾಯಿತು, ಅದು ರೆಕ್ಕೆ. ಗ್ರೀಸಿನ ಕೊರಿಂತ್ ನಗರದ ನಾಣ್ಯದ ಮೇಲಿನ ರೆಕ್ಕೆ ಕುದುರೆ, ಪೆಗಾಸಸ್.

ಮೆಟಪೊಂಟಮ್ಮಿನವರಿಗೆ ಬಾರ್ಲಿ ಬೇಕಾದಷ್ಟಿತ್ತು, ಬೆಳ್ಳಿ ಗಣಿ ಇರಲಿಲ್ಲ. ಕೊರಿಂತ್‌ನಿಂದ ಬಂದ ಕಾಸು ಕೈಯಲ್ಲಿತ್ತು. ಎರಡೂ ಊರಿನ ನಾಣ್ಯದ ತೂಕ 8 ಗ್ರಾಂ ಆಸುಪಾಸು, ಹೆಚ್ಚು ಕಮ್ಮಿ ಒಂದೇ. ಹಾಗಿರುವಾಗ ಕರಗಿಸೋದು ಯಾಕೆ? ಕಾಯಿಸಿ, ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಒಂದೇಟು. ಕ್ರಿ.ಪೂ. 500ರ ಆಸುಪಾಸಿನ ಕೆಲಸ ಇದು. ನಮ್ಮಪ್ಪನ ಲೆಕ್ಕಾಚಾರವೂ ಇದೇ ಅಲ್ವಾ?

ಹಳೇ ಗುರುತು ಯಾಕೆ ಉಳಿಯುತ್ತೆ ಅಂದರೆ, ಅಚ್ಚಿನಲ್ಲಿ ಚಿತ್ರ ಗುಳಿಯಾಗಿರುತ್ತದೆ. ಏಟು ಗಟ್ಟಿಯಾಗಿ ಬೀಳುವುದು ಚಿತ್ರದ ಸುತ್ತಲಿನ ಬಯಲಿಗೆ. ಗುಳಿಯೊಳಗೆ ಬೆಳ್ಳಿ ಏರುತ್ತದೆ, ಆದರೆ ಪೂರ್ತಿ ಒತ್ತಿಸಿಕೊಳ್ಳದೆ ತಪ್ಪಿಸಿಕೊಳ್ಳಬಹುದು. ಹೀಗಾಗಿ ಹಳೆಯದು ಅಡಗುವುದು ಹೊಸ ಚಿತ್ರದ ಮೈಮೇಲೆಯೇ, ಇಲ್ಲವೇ ಅಚ್ಚು ಮುಟ್ಟದ ಅಂಚಿನಲ್ಲಿ. ಗಡ್ಡ ಲಕ್ಷ್ಮಿಯ ಕಿವಿ ಹತ್ತಿರವೇ ಸಿಕ್ಕಿಕೊಂಡದ್ದು ಹಾಗೆ.

ಕ್ರೀಟ್ ದ್ವೀಪದವರಂತೂ ಇದರಲ್ಲಿ ಎಲ್ಲರಿಗಿಂತ ಮುಂದೆ. ಅಲ್ಲಿನ ಗಾರ್ಟಿನ್ ಊರಿನ ನಾಣ್ಯದಲ್ಲಿ ಗ್ರೀಕ್ ಪುರಾಣದ ರಾಜಕುಮಾರಿ ಯುರೋಪಾ ಮರದ ಕೊಂಬೆಗಳ ನಡುವೆ ಕೂತಿದ್ದಾಳೆ, ಹಿಂದುಗಡೆ ಗೂಳಿ. ಅಂಥ ಕೆಲವು ನಾಣ್ಯಗಳ ಅಡಿಯಲ್ಲಿ ಸಮುದ್ರದಾಚೆಯ, ಈಗಿನ ಲಿಬಿಯಾದ ಸಿರೀನ್ ನಗರದ ಕಾಸು ಇದೆ. ಸಿರೀನಿನ ಗುರುತು ಸಿಲ್ಫಿಯಂ ಅನ್ನೋ ಗಿಡ, ಜೊತೆಗೆ ಟಗರಿನ ಕೊಂಬಿರುವ ಜೀಯಸ್ ಅಮ್ಮೋನ್ ಅನ್ನೋ ದೇವರು. (ಈ ಸಿಲ್ಫಿಯಂ ಅಡುಗೆಗೂ ಔಷಧಿಗೂ ಬೇಕಾಗಿದ್ದ ಅಂಟಿನ ಗಿಡ. ಅದು ಸಿಗದಂತಾದಾಗ ರೋಮಿನವರು ಬದಲಿಗೆ ಬಳಸಿದ್ದು ಇಂಗು! ನಮ್ಮ ಸಾರಿನ ಇಂಗೇ.) ಆಫ್ರಿಕಾದ ಕಾಸು ಕ್ರೀಟಿಗೆ ಹೇಗೆ ಬಂತು? ಕ್ರೀಟಿನವರು ಕೂಲಿಗೆ ಯುದ್ಧ ಮಾಡೋದರಲ್ಲಿ ಹೆಸರುವಾಸಿ. ಸಿರೀನಿನ ಜಗಳಗಳಲ್ಲಿ ಬಿಲ್ಲು ಹಿಡಿದವರು ಸಂಬಳ ಸೊಂಟಕ್ಕೆ ಕಟ್ಟಿಕೊಂಡು ಊರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಫ್ರೆಂಚ್ ವಿದ್ವಾಂಸ ಜಾರ್ಜ್ ಲ ರಿದೆ ಕ್ರೀಟಿನ ನಾಣ್ಯಗಳ ಕಾಲ ಗೊತ್ತುಮಾಡಲು ಇಂಥ ಗುರುತುಗಳನ್ನೇ ಹಿಡಿದು ಹೊರಟವರು. ಅಡಿಯ ನಾಣ್ಯ ಮೊದಲು, ಮೇಲಿನದು ಆಮೇಲೆ. ನಾಣ್ಯದ ಮೇಲೆ ಇಸವಿ ಇಲ್ಲದ ಕಾಲದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗೋದು ಕಷ್ಟ.

ನಮ್ಮ ಕಡೆಯೂ ಇದು ಹೊಸದಲ್ಲ. 1906ರಲ್ಲಿ ನಾಸಿಕ್ ಹತ್ತಿರದ ಜೋಗಲ್‌ತೆಂಬಿಯಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯ ಸಿಕ್ಕವು. ಎಲ್ಲವೂ ಪಶ್ಚಿಮ ಭಾರತ ಆಳಿದ ಕ್ಷತ್ರಪ ವಂಶದ ದೊರೆ ನಹಪಾನನವು. ಅವನ ತಲೆಯ ಸುತ್ತ ಇರುವುದು ಗ್ರೀಕ್ ಅಕ್ಷರ. ಅವುಗಳಲ್ಲಿ 9,000ಕ್ಕೂ ಜಾಸ್ತಿ ನಾಣ್ಯಗಳ ಮೇಲೆ, ಅವನನ್ನು ಸೋಲಿಸಿದ ಸಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮೂರು ಕಮಾನಿನ ಬೆಟ್ಟದ ಗುರುತು ಒತ್ತಿದ್ದಾನೆ. ಬನವಾಸಿ, ಸನ್ನತಿಯಲ್ಲೂ ಕುರುಹು ಬಿಟ್ಟುಹೋದ ಅದೇ ಸಾತವಾಹನರು. ಗೆದ್ದವನ ಬೆಟ್ಟದ ಪಕ್ಕದಲ್ಲಿ ಸೋತವನ ಮೂಗು ಇಣುಕುತ್ತಿರುತ್ತದೆ. ಅಷ್ಟು ನಾಣ್ಯ ಕೂತು ಕುಟ್ಟಿದವನ ರಟ್ಟೆಯ ಗತಿ ಏನಾಗಿತ್ತೋ!

ನಾಣ್ಯ ಬಲ್ಲವರು ಭೂತಗನ್ನಡಿ ಹಿಡಿದು ಹುಡುಕುವುದನ್ನು ನಮ್ಮಪ್ಪ ಮಾತ್ರ ಮರ್ಯಾದೆ ಪ್ರಶ್ನೆ ಮಾಡಿಕೊಂಡರು. ಅಜ್ಜಿ ಮುಂದೆ ಕನ್ನಡಕ ಹಣೆಗೇರಿಸಿ, ಕಾಸನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಒಂದು ಮಾತೂ ಆಡಲಿಲ್ಲ. ಅದನ್ನು ಮೂಸೆಗೆ ಹಾಕಿ, ಊದುಗೊಳವೆ ತಗೊಂಡು ಕೂತರು. ಹೊತ್ತು ಮುಳುಗುವ ಹೊತ್ತಿಗೆ ಬೇರೆ ಲಕ್ಷ್ಮಿ ರೆಡಿಯಾಗಿತ್ತು. ಅದನ್ನು ಕೊಟ್ಟುಬರಲು ನನ್ನನ್ನು ಕಳಿಸಿದರು, ಮಜೂರಿ ಇಸ್ಕೋಬೇಡ ಅಂತ ಬಾಗಿಲವರೆಗೂ ಬಂದು ಹೇಳಿದರು. ಅಜ್ಜಿ ಕಾಸನ್ನು ದೀಪದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಗಡ್ಡ ಬೋಳಿಸಿದ್ರಾ ನಿಮ್ಮಪ್ಪ?" ಅಂತ ನಕ್ಕು, ಒಂದು ಹಿಡಿ ಸಜ್ಜಪ್ಪ ಕೊಟ್ಟರು.